ರಾತ್ರಿ ಒಂಬತ್ತೂವರೆಗೆ ಬಂದ ಮೆಸೇಜು



ನಾನು ಮಸ್ಕಿ ಹತ್ತಿರದ ಹಳ್ಳಿಯವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಯಜಮಾನರಿಗೆ ಮೂರು ಎಕರೆ ಹೊಲ ಇದೆ, ಹೊಲದ ಕೆಲಸ ಇಲ್ಲದಾಗ ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಹಮಾಲಿಗೆ ಹೋಗುತ್ತಾರೆ. ಒಬ್ಬನೇ ಮಗ, ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿದ. ‘ಹುಡುಗ ಚುರುಕಿದ್ದಾನ, ನವೋದಯಕ್ಕ ಕೂಡ್ರಿಸ್ರಿ’ ಅಂತ ಅವನ ಮಾಸ್ತರು ಹೇಳಿದರು. ಅದೇ ವೇಳೆಗೆ ಸಿಂಧನೂರಿನ ಒಂದು ಸಂಸ್ಥೆಯವರ ಪಾಂಪ್ಲೆಟ್ ಬಂತು. ಒಂದು ತಿಂಗಳ ಬೇಸಿಗೆ ಶಿಬಿರ, ನವೋದಯ, ಮೊರಾರ್ಜಿ, ಸೈನಿಕ ಶಾಲೆ ಎಲ್ಲಕ್ಕೂ ತಯಾರಿ, ಊಟ-ವಸತಿ ಅಲ್ಲೇ. ಸಂಘದಿಂದ ಸಾಲ ತೆಗೆದು 8,500 ರೂಪಾಯಿ ಕಟ್ಟಿದೆ. ಟ್ರಂಕು ತಂದೆವು. ಅದರ ಮೇಲೆ ಅವನ ಹೆಸರು ಬರೆಸಿದೆವು.

ಬೆಳಗಾದರೆ ಹೊರಡಬೇಕು ಅನ್ನುವಾಗ, ಹಿಂದಿನ ರಾತ್ರಿ ಒಂಬತ್ತೂವರೆಗೆ ವಾಟ್ಸ್‌ಆಪ್‌ಗೆ ಮೆಸೇಜು ಬಂತು: ‘ಶಿಕ್ಷಕರ ಕೊರತೆಯ ಕಾರಣ ಶಿಬಿರವನ್ನು ರದ್ದುಪಡಿಸಲಾಗಿದೆ. ಪಾವತಿಸಿದ ಹಣವನ್ನು ಮುಂದಿನ ವರ್ಷದ ಶಿಬಿರಕ್ಕೆ ಹೊಂದಿಸಿಕೊಡಲಾಗುವುದು. ಸಹಕರಿಸಿ. ಆಡಳಿತ ಮಂಡಳಿ.’ ಫೋನ್ ಹಚ್ಚಿದರೆ ಎತ್ತುವುದಿಲ್ಲ. ಗ್ರೂಪಿನಲ್ಲಿ ರೊಕ್ಕ ಕೇಳಿದವರನ್ನು ತೆಗೆದೇ ಹಾಕಿದರು.

ಯಜಮಾನರು ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ‘ಅಷ್ಟು ದೂರ ಕೂಸಿನ್ನ ಕಳಸಬ್ಯಾಡ ಅಂತ ನಾ ಆಗಲೇ ಹೇಳಿದ್ದಿಲ್ಲ?’ ಅಂತಾರೆ ಅತ್ತೆ. ಮಗ ಎರಡು ದಿನ ಸುಮ್ಮನಿದ್ದ. ಮೂರನೇ ದಿನ, ‘ಅವ್ವ, ನನಗ ಹದಿನಾರರ ಮ್ಯಾಲಿನ ಮಗ್ಗಿ ಬರಲ್ಲಲ್ಲ, ಅದಕ್ಕ ಬ್ಯಾಡ ಅಂದ್ರೇನು?’ ಅಂತ ಕೇಳಿದ.

ನಾನು ಮಾಡಿದ್ದು ತಪ್ಪಾ ಅಕ್ಕಾ? ರೊಕ್ಕ ವಾಪಸ್ ಬರುತ್ತದಾ? ಹುಡುಗನ ವರ್ಷ ಹಾಳಾಯಿತಾ?

ಒಬ್ಬ ತಾಯಿ, ಮಸ್ಕಿ ತಾಲ್ಲೂಕು

ತಂಗೀ,

ನೀವು ಮೂರು ಪ್ರಶ್ನೆ ಕೇಳಿದ್ದೀರಿ, ನಿಮ್ಮ ಮಗ ಒಂದು ಕೇಳಿದ್ದಾನೆ. ಅವನಿಗೆ ನೀವು ಏನು ಹೇಳಿದಿರಿ ಅನ್ನುವುದು ಪತ್ರದಲ್ಲಿಲ್ಲ. ಏನೂ ಹೇಳಿರಲಿಕ್ಕಿಲ್ಲ ಅಂತ ನನ್ನ ಊಹೆ. ಸಂಘದ ಕಂತು, ಯಜಮಾನರ ಮೌನ, ಎತ್ತದ ಫೋನು, ಇಷ್ಟರ ನಡುವೆ ‘ಸುಮ್ನ ಮಲಕೊ’ ಅಂದಿರುತ್ತೀರಿ. ಯಾವ ತಾಯಿಯಾದರೂ ಹಾಗೇ ಅನ್ನುತ್ತಿದ್ದಳು. ಆದರೆ ನಾಲ್ಕರಲ್ಲಿ ಕಾಯಲಾಗದ ಪ್ರಶ್ನೆ ಅವನದೇ. ಉಳಿದ ಮೂರಕ್ಕೆ ಇನ್ನೂ ಸಮಯವಿದೆ.

ಆ ವಯಸ್ಸಿನ ಮಕ್ಕಳು ಮನೆಯಲ್ಲಿ ಏನೇ ಕೆಟ್ಟರೂ ಕಾರಣವನ್ನು ತಮ್ಮಲ್ಲೇ ಹುಡುಕುತ್ತಾರೆ. ದೊಡ್ಡವರು ವಿವರ ಹೇಳದಿದ್ದರೆ ತಾವೇ ಒಂದು ವಿವರ ಕಟ್ಟಿಕೊಳ್ಳುತ್ತಾರೆ, ಆ ಕತೆಯಲ್ಲಿ ತಪ್ಪಿತಸ್ಥರು ಯಾವಾಗಲೂ ಅವರೇ. ನಿಮ್ಮ ಮಗ ಕಟ್ಟಿಕೊಂಡ ಕತೆ ಇದು: ಅವನಿಗೆ ಹದಿನೇಳರ ಮಗ್ಗಿ ಬರುವುದಿಲ್ಲ, ಸಿಂಧನೂರಿನವರಿಗೆ ಅದು ಹೇಗೋ ತಿಳಿಯಿತು, ಬೇಡ ಅಂದರು, ಅವನಿಂದಾಗಿ ಅಪ್ಪ ಅವ್ವನ ಹತ್ತಿರ ಮಾತು ಬಿಟ್ಟ. ನಮಗೆ ನಗು ಬರಬಹುದು. ಅವನ ಕತೆ ಒಳಗೊಳಗೇ ಸರಿಯಾಗಿ ಕೂಡಿಕೊಂಡಿದೆ, ಎಲ್ಲಿಯೂ ಸಡಿಲವಿಲ್ಲ. ನೀವು ಬಿಡಿಸದಿದ್ದರೆ ಅದನ್ನೇ ಹೊತ್ತುಕೊಂಡು ಪರೀಕ್ಷೆಗೆ ಕೂಡುತ್ತಾನೆ.

ಇವತ್ತೇ ಅವನನ್ನು ಕರೆದು ಕೂಡ್ರಿಸಿಕೊಳ್ಳಿ. ಮೊಬೈಲಿನಲ್ಲಿ ಆ ಮೆಸೇಜನ್ನು ಅವನಿಂದಲೇ ಓದಿಸಿ. ನಾಲ್ಕನೇ ತರಗತಿ ಮುಗಿಸಿದವನು ಓದಬಲ್ಲ. ಆಮೇಲೆ ಹೇಳಿ: ‘ಈ ಮೆಸೇಜ್ ಎಲ್ಲಾ ಹುಡುಗುರ ಮನಿಗೂ ಬಂದೈತಿ. ಕಲಿಸೋ ಮಾಸ್ತರ್ರು ಸಿಗಲಿಲ್ಲಂತ ಬಂದ್ ಮಾಡ್ಯಾರ. ನಿನ್ನ ಮಗ್ಗಿ ಸುದ್ದಿ ಅವರಿಗೆ ಗೊತ್ತೇ ಇಲ್ಲ.’ ಇಷ್ಟು ಸಾಕು. ‘ಮುಂದಿನ ವರ್ಷ ಕಳಸ್ತೀನಿ’ ಅಂತ ಸಮಾಧಾನಕ್ಕೂ ಹೇಳಬೇಡಿ. ಇನ್ನೊಂದು ಮಾತು ಮುರಿಯುವುದು ಬೇಡ. ಟ್ರಂಕನ್ನು ಅಟ್ಟಕ್ಕೆ ಏರಿಸಲೂ ಬೇಡಿ. ಅವನೇ ಅದರಿಂದ ಬಟ್ಟೆ ತೆಗೆಯಲಿ, ಪುಸ್ತಕ ಇಟ್ಟುಕೊಳ್ಳಲಿ. ಹೆಸರು ಬರೆಸಿದ ಟ್ರಂಕು ಅವನದೇ ಅಲ್ಲವೇ?

ಇನ್ನು ಹಣದ ಮಾತು.

ಆ ಮೆಸೇಜಿನಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಕೊನೆಯ ಎರಡು ಪದ, ‘ಆಡಳಿತ ಮಂಡಳಿ’. ಯಾರ ಹೆಸರೂ ಇಲ್ಲ. ಮಸ್ಕಿಯವರಾದ ನಿಮಗೆ ಇದನ್ನು ಹೇಳಲೇಬೇಕು. ನಿಮ್ಮ ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಎಂಬ ಎಂಜಿನಿಯರಿಗೆ ಅಶೋಕನ ಶಾಸನ ಕಂಡಿತು. ಬೇರೆಡೆ ಆವರೆಗೆ ಸಿಕ್ಕ ಶಾಸನಗಳೆಲ್ಲ ‘ದೇವಾನಾಂಪ್ರಿಯ’ದಂಥ ಬಿರುದುಗಳಿಗೇ ನಿಂತಿದ್ದವು. ಹೊರಡಿಸಿದವನು ಅಶೋಕ ಅಂತ ಹೆಸರು ಹಿಡಿದು ಹೇಳಿದ ಶಾಸನ ಮೊದಲು ಸಿಕ್ಕದ್ದು ಮಸ್ಕಿಯಲ್ಲಿ. ಅವನು ಯಾರು ಅನ್ನುವ ವಿದ್ವಾಂಸರ ಚರ್ಚೆಗೆ ಗಟ್ಟಿ ಸಾಕ್ಷಿ ಕೊಟ್ಟದ್ದು ನಿಮ್ಮ ಬಂಡೆ. ನೋಟಿಸು ಹಾಕಿದವನ ಹೆಸರು ಇದ್ದರೆ ಎಷ್ಟು ತಂಟೆ ತಪ್ಪುತ್ತದೆ ನೋಡಿ! ಹಾಗಾಗಿ ನಿಮ್ಮ ಮೊದಲ ಕೆಲಸ ಹೆಸರು ಹುಡುಕುವುದು. ನಿಮಗೆ ಕೊಟ್ಟ ರಸೀದಿಯ ಮೇಲೆ ಯಾವ ಸಂಸ್ಥೆಯ ಹೆಸರಿದೆ, ಕೆಳಗೆ ಸಹಿ ಯಾರದು, ಫೋನ್‌ಪೇಯಲ್ಲಿ ಕಳಿಸಿದ್ದರೆ ಹಣ ಯಾರ ಹೆಸರಿನ ಖಾತೆಗೆ ಹೋಯಿತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಾಂಪ್ಲೆಟ್, ರಸೀದಿ, ಮೆಸೇಜು ಮೂರರದೂ ಫೋಟೋ ತೆಗೆದು ಬೇರೆಯವರ ಮೊಬೈಲಿಗೂ ಕಳಿಸಿಡಿ. ಗ್ರೂಪಿನಿಂದ ನಿಮ್ಮನ್ನು ತೆಗೆದರೂ ಅಲ್ಲಿ ಆಗಲೇ ಬಂದ ಮೆಸೇಜು ನಿಮ್ಮ ಮೊಬೈಲಿನಲ್ಲಿ ಉಳಿದಿರುತ್ತದೆ. ಸಿಟ್ಟಿನಲ್ಲಿ ನೀವೇ ಅಳಿಸಬೇಡಿ.

ರಸೀದಿಯೇ ಕೊಟ್ಟಿಲ್ಲವೇ? ಹೆದರಬೇಡಿ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ, ಹಣ ಪಡೆದು ರಸೀದಿ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಸೇವೆಯಲ್ಲಿ ಲೋಪವಾದಾಗ ರಸೀದಿಯಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ಹಣ ಹಿಂತಿರುಗಿಸದೆ ಸತಾಯಿಸುವುದೂ ಅದೇ ಪಟ್ಟಿಯಲ್ಲಿದೆ.

ಒಂದು ಸೂಕ್ಷ್ಮ ಇಲ್ಲಿದೆ. ಶಾಲೆ-ಕಾಲೇಜುಗಳು ಕೊಡುವ ಶಿಕ್ಷಣ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ, ಕೋಚಿಂಗ್ ಸಂಸ್ಥೆಗಳು ಬರುತ್ತವೆ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಜನವರಿಯಲ್ಲಿ ಹೇಳಿತು. ನಿಮ್ಮದು ಪ್ರವೇಶ ಪರೀಕ್ಷೆಯ ತಯಾರಿ ಶಿಬಿರ, ಅಂದರೆ ಕೋಚಿಂಗ್. ‘ನಮ್ಮದು ಶಾಲೆ, ಗ್ರಾಹಕ ಕೋರ್ಟಿಗೆ ನಾವು ಬರುವುದಿಲ್ಲ’ ಅಂತ ಅವರು ಅಂದಾರು. ಆಗ ‘ನವೋದಯ ತಯಾರಿ’ ಅಂತ ಅಚ್ಚಾದ ಪಾಂಪ್ಲೆಟ್ ಮುಂದಿಡಿ.

‘ಮುಂದಿನ ವರ್ಷಕ್ಕೆ ಹೊಂದಿಸುತ್ತೇವೆ’ ಅನ್ನುವ ಮಾತನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ನವೋದಯದ ಆರನೇ ತರಗತಿ ಪ್ರವೇಶ ಪರೀಕ್ಷೆಗೆ ಐದನೇ ತರಗತಿಯಲ್ಲಿ ಓದುತ್ತಿರುವ ಮಗು ಒಂದೇ ಸಲ ಕೂಡಬಹುದು, ಎರಡನೇ ಸಲಕ್ಕೆ ಅವಕಾಶವಿಲ್ಲ. ನಿಮ್ಮ ಮಗ ಜೂನ್‌ನಿಂದ ಐದನೇ ತರಗತಿ. ಮುಂದಿನ ಬೇಸಿಗೆಯ ಹೊತ್ತಿಗೆ ಅವನ ಪರೀಕ್ಷೆ ಮುಗಿದುಹೋಗಿರುತ್ತದೆ. ಸುಗ್ಗಿ ಮುಗಿದ ಮೇಲೆ ಬೀಜ ಕೊಡುತ್ತೇನೆ ಅಂದ ಹಾಗಾಯಿತು. ಅರ್ಜಿಯಲ್ಲಿ ಇದೊಂದನ್ನು ಬರೆದರೆ ಉಳಿದ ವಾದ ಬೇಕಾಗುವುದಿಲ್ಲ.

ಅರ್ಜಿ ಚಿಕ್ಕದಿರಲಿ. ಇಂಥ ದಿನ ಇಷ್ಟು ಹಣ ಕಟ್ಟಿದೆ, ಇಂಥ ರಾತ್ರಿ ರದ್ದಾಯಿತೆಂದು ತಿಳಿಸಿದಿರಿ, ಮುಂದಿನ ವರ್ಷ ನನ್ನ ಮಗನಿಗೆ ಈ ಶಿಬಿರದ ಉಪಯೋಗವಿಲ್ಲ, 15 ದಿನದೊಳಗೆ ಪೂರ್ತಿ 8,500 ರೂಪಾಯಿ ಹಿಂತಿರುಗಿಸಿ. ಬೈಗುಳ, ಶಾಪ, ‘ಬಡವರ ಹೊಟ್ಟೆ’ ಯಾವುದೂ ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ತಲುಪಿದೆ’ ಅಂತ ಸಹಿ ಹಾಕಿಸಿಕೊಳ್ಳಬೇಕು. ಸಹಿ ಹಾಕಲು ಒಪ್ಪದಿದ್ದರೆ ಸೀದಾ ಅಂಚೆ ಕಚೇರಿಗೆ ಹೋಗಿ ನೋಂದಾಯಿಸಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಇದನ್ನು ಒಯ್ಯಬೇಕಾದವರು ನಿಮ್ಮ ಯಜಮಾನರು. ಅವರು ಕೆಲಸಕ್ಕೆ ಹೋಗುವ ಊರೂ ಸಿಂಧನೂರೇ, ಆ ಸಂಸ್ಥೆ ಇರುವ ಊರೂ ಸಿಂಧನೂರೇ. ಮಾತು ಬಿಟ್ಟ ಗಂಡಸಿನ ಮುಂದೆ ಕೂತು ‘ನನ್ನದು ತಪ್ಪಾಯಿತು’ ಅಂತ ಅಳುವುದಕ್ಕಿಂತ, ‘ಈ ಕಾಗದ ನೀವೇ ಕೊಟ್ಟು ಸಹಿ ಹಾಕಿಸಿಕೊಂಡು ಬರ್ರಿ, ನನ್ನ ಮಾತು ಅವರು ಕೇಳಾಕ ಒಲ್ಲರು’ ಅಂದರೆ ಮಾತು ತಾನಾಗಿ ಶುರುವಾಗುತ್ತದೆ. ಅವರ ಸಿಟ್ಟಿನಲ್ಲಿ ಅರ್ಧ ನಿಮ್ಮ ಮೇಲಿನದಲ್ಲ ಅಂತ ನನಗನ್ನಿಸುತ್ತದೆ. ಮೂಟೆ ಹೊತ್ತು ತೀರಿಸಬೇಕಾದ ಸಾಲದ ರೊಕ್ಕ ಯಾರೋ ನುಂಗಿದರು, ಕೇಳಲು ತನಗೆ ದಾರಿಯಿಲ್ಲ ಅನ್ನುವ ಸಂಕಟ ಅದರಲ್ಲಿದೆ. ಕಾಗದ ಕೊಡಿ, ದಾರಿ ಸಿಗುತ್ತದೆ. ಹೋಗುವಾಗ ಒಬ್ಬರೇ ಬೇಡ. ನಿಮ್ಮಂತೆ ಕಟ್ಟಿದ ನಾಲ್ಕೈದು ಮನೆಯವರು ಒಟ್ಟಿಗೆ ಹೋಗಲಿ. ಹತ್ತು ಜನರ ಮುಂದೆ ಬಾಗಿಲು ಮುಚ್ಚಿಕೊಳ್ಳುವುದು ಕಷ್ಟ.

ಹದಿನೈದು ದಿನ ಕಾದು ಹಣ ಬರದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ದೂರು ಹೇಳಬಹುದು. (ಶಾಸನ ಸಿಕ್ಕ ವರ್ಷವೂ 1915, ಮಸ್ಕಿಯವರು ಈ ನಂಬರು ಮರೆಯುವ ಹಾಗಿಲ್ಲ.) ಅಲ್ಲಿಂದಲೇ ಸಂಸ್ಥೆಗೆ ದೂರು ತಲುಪಿಸಿ ಉತ್ತರ ಕೇಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಸಲ್ಲಿಸಿದರೆ ಸರಿ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಆದರೂ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ದಿನಗೂಲಿ ಬಿಟ್ಟು ನಾಲ್ಕು ಸಲ ರಾಯಚೂರಿಗೆ ಓಡಾಡಿದರೆ 8,500 ಅಲ್ಲೇ ಕರಗುತ್ತದೆ. ಅರ್ಜಿ, ಸಹಿ, 1915, ಇಷ್ಟರಲ್ಲೇ ಮುಗಿಯುವಂತೆ ನೋಡಿ. ಆಯೋಗದ ಹೆಸರನ್ನು ಅರ್ಜಿಯ ಕೊನೆಯ ಸಾಲಿನಲ್ಲಿ ಬರೆದರೆ ಎಷ್ಟೋ ಸಲ ಅದೇ ಸಾಕಾಗುತ್ತದೆ.

ಇನ್ನೊಂದು ಸಂಗತಿ ನಿಮಗೆ ತಿಳಿದಿರಲಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿ ರಾಜ್ಯಗಳಿಗೆ ಕಳಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಮರಳಿಸಬೇಕು ಅಂತ ಅದರಲ್ಲಿದೆ. ನಮ್ಮ ಕಡೆ ಎಂಟು-ಒಂಬತ್ತು ವರ್ಷದ ಮಕ್ಕಳಿಗೇ ಕೋಚಿಂಗಿನ ಬೋರ್ಡುಗಳು ತೂಗುತ್ತವೆ. ಕಾಗದದ ಮೇಲಿನ ನಿಯಮಕ್ಕೂ ಬಸ್‌ಸ್ಟ್ಯಾಂಡಿನ ಮುಂದಿನ ಬೋರ್ಡಿಗೂ ಇನ್ನೂ ಮುಖಪರಿಚಯವಾಗಿಲ್ಲ.

ನಿಮ್ಮ ಪತ್ರ ಬಂದ ವಾರವೇ ಲಿಂಗಸುಗೂರಿನಿಂದ ಇನ್ನೊಂದು ಪತ್ರ ಬಂತು. ಬರೆದವರು ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರು. ನಿಮ್ಮ ಶಿಬಿರದವರೇ ಇರಬೇಕೆಂದೇನಿಲ್ಲ, ಆದರೆ ಕತೆ ಅದೇ. ಒಂದು ಶಿಬಿರಕ್ಕೆ ತಿಂಗಳಿಗೆ 9,000 ಅಂತ ಒಪ್ಪಿಕೊಂಡಿದ್ದರಂತೆ. ಶುರುವಾಗುವ ಮೂರು ದಿನ ಮೊದಲು, ‘ಅಡ್ಮಿಷನ್ ಕಡಿಮೆ ಆಗ್ಯಾವ, 5,000 ಕೊಡ್ತೀವಿ, ರಾತ್ರಿ ಹಾಸ್ಟೆಲ್ಲೂ ನೀವೇ ನೋಡ್ಕೋಬೇಕು’ ಅಂದರಂತೆ. ಅವರು ಬ್ಯಾಗು ಹಿಡಿದು ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ತಯಾರಿಗೆಂದು ಧಾರವಾಡಕ್ಕೆ ಹೋದರು. ಜೊತೆಯ ಇಬ್ಬರೂ ಬಿಟ್ಟರು. ‘ಮಕ್ಕಳ ಮುಖ ಕಣ್ಣಮುಂದೆ ಬರುತ್ತದೆ, ನಾನು ತಪ್ಪು ಮಾಡಿದೆನಾ?’ ಅಂತ ಕೇಳಿದ್ದಾರೆ.

ನೀವಿಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲ. ಇಬ್ಬರೂ ‘ತಪ್ಪು ನನ್ನದಾ’ ಅಂತ ಕೇಳುತ್ತಿದ್ದೀರಿ. ರೊಕ್ಕ ಇಟ್ಟುಕೊಂಡವರು ಮಾತ್ರ ಈ ಪ್ರಶ್ನೆಯನ್ನು ನನಗೆ ಬರೆದು ಕೇಳಿಲ್ಲ.

‘ಶಿಕ್ಷಕರ ಕೊರತೆ’ ಅನ್ನುವುದು ಮಳೆ ಬಾರದ ಹಾಗೆ ಆಕಾಶದಿಂದ ಇಳಿದ ಕಷ್ಟವಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಖಾಲಿ ಹುದ್ದೆಗಳ ಸಮಸ್ಯೆ ಹಳೆಯದು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದು ಹತ್ತು ವರ್ಷದ ಮೇಲಾಯಿತು, ಇವತ್ತಿಗೂ ಎಷ್ಟೋ ಶಾಲೆಗಳನ್ನು ನಡೆಸುತ್ತಿರುವವರು ಅತಿಥಿ ಶಿಕ್ಷಕರೇ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ರೂಪಾಯಿ ಗೌರವಧನವಿತ್ತು, 2025ರ ಬಜೆಟ್ಟಿನಲ್ಲಿ 2,000 ಏರಿತು. ಬೇಸಿಗೆ ರಜೆಗೆ ಅದೂ ಇಲ್ಲ. ಕೈಯಲ್ಲಿ ಕಾಸಿಲ್ಲದ ಏಪ್ರಿಲ್-ಮೇ ತಿಂಗಳಲ್ಲೇ ಶಿಬಿರಗಳು ಅವರನ್ನು ಕರೆಯುತ್ತವೆ, ಕಡಿಮೆಗೆ ಕರೆಯುತ್ತವೆ, ಕಾಗದವಿಲ್ಲದೆ ಕರೆಯುತ್ತವೆ. ಮಕ್ಕಳ ಹಣ ಫೆಬ್ರುವರಿಯಲ್ಲೇ ಪೂರ್ತಿ ಕಟ್ಟಿಸಿಕೊಂಡು, ಕಲಿಸುವವರಿಗೆ ಏಪ್ರಿಲ್‌ನಲ್ಲಿ ಬಾಯಿಮಾತು ಕೊಟ್ಟರೆ ಕೊರತೆಯಾಗದೆ ಇನ್ನೇನಾಗುತ್ತದೆ? ಲಿಂಗಸುಗೂರಿನ ಮಾಸ್ತರರಿಗೆ ನಾನು ಹೇಳುವುದಿಷ್ಟೇ: ಅರ್ಧ ಸಂಬಳಕ್ಕೆ ಹಗಲು-ರಾತ್ರಿ ದುಡಿಯಲು ಒಲ್ಲೆ ಅಂದದ್ದು ತಪ್ಪಲ್ಲ. ಮುಂದಿನ ಸಲ ಒಪ್ಪುವ ಮೊದಲು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ, ಬಿಡುವಾಗ ಒಂದು ವಾರ ಮುಂಚೆ ತಿಳಿಸಿ. ಟಿಇಟಿ ಚೆನ್ನಾಗಿ ಬರೆಯಿರಿ.

ಸರ್ಕಾರಕ್ಕೂ ಇಂಥ ಇಕ್ಕಟ್ಟು ಬಂದದ್ದುಂಟು. 2024ರಲ್ಲಿ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ನಪಾಸಾದ ಮಕ್ಕಳಿಗೆ ಬೇಸಿಗೆ ರಜೆಯಲ್ಲೇ ವಿಶೇಷ ತರಗತಿ ನಡೆಸಿ ಅಂತ ಆದೇಶವಾಯಿತು. ಆ ವರ್ಷ ಮೇ 7ಕ್ಕೆ ನಮ್ಮಲ್ಲಿ ಲೋಕಸಭಾ ಮತದಾನ, ಮತಗಟ್ಟೆಯ ಕೆಲಸಕ್ಕೂ ಮಾಸ್ತರರೇ ಬೇಕು. ಉಳಿದ ರಜೆಯೂ ಹೋಗುತ್ತದೆಂದು ಶಿಕ್ಷಕರು ವಿರೋಧಿಸಿದರು. ಕೊನೆಗೆ ತರಗತಿಗಳನ್ನು ಶಾಲೆ ತೆರೆಯುವ ಮೇ 29ಕ್ಕೆ ಮುಂದೂಡಿದರು, ಜೂನ್ 7ರಿಂದ ಇದ್ದ ಎರಡನೇ ಪರೀಕ್ಷೆಯನ್ನು ಜೂನ್ 14ಕ್ಕೆ ಸರಿಸಿದರು. ಗೊಂದಲವಾಯಿತು, ಬೈಗುಳವೂ ಬಂತು. ಆದರೂ ಹಳೆಯ ತಾರೀಖು ತೆಗೆದ ಜಾಗದಲ್ಲಿ ಹೊಸದೊಂದನ್ನು ಇಟ್ಟರು. ಶಿಬಿರ ರದ್ದು ಮಾಡುವುದು ಅಪರಾಧವೆಂದು ನಾನು ಹೇಳುತ್ತಿಲ್ಲ. ಕಲಿಸುವವರಿಲ್ಲದೆ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ತಗಡಿನ ಶೆಡ್ಡಿನಡಿ ಮಕ್ಕಳನ್ನು ಕೂಡಿಹಾಕುವುದಕ್ಕಿಂತ ರದ್ದು ಮಾಡುವುದೇ ಲೇಸು. ಹಣ ಯಾವಾಗ ಸಿಗುತ್ತದೆ, ಪರ್ಯಾಯವೇನು, ಕೇಳಿದರೆ ಉತ್ತರಿಸುವವರು ಯಾರು, ಇಷ್ಟನ್ನೂ ಹೇಳದೆ ಫೋನು ಬಂದ್ ಮಾಡಿದ್ದು ನಿಮ್ಮವರ ತಪ್ಪು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ನನಗೆ ಕಾರಣವಿದೆ. ಬಹಳ ಹಿಂದೆ ಲಿಂಗಸುಗೂರಿನಲ್ಲಿ ನಾನೂ ಮಕ್ಕಳ ಬೇಸಿಗೆ ಶಿಬಿರವೊಂದನ್ನು ಏರ್ಪಡಿಸಿದ್ದೆ. ಹಾಡು, ಚಿತ್ರ, ಸ್ವಲ್ಪ ಗಣಿತ. ಕಲಿಸಲು ಒಪ್ಪಿದ್ದ ಮೂವರಲ್ಲಿ ಒಬ್ಬರಿಗೆ ನೌಕರಿಯ ಕರೆ ಬಂತು, ಇನ್ನೊಬ್ಬರ ಮನೆಯಲ್ಲಿ ದಿಢೀರನೆ ಮದುವೆ ಗೊತ್ತಾಯಿತು. ಉಳಿದವರೊಬ್ಬರಿಂದ ನಡೆಸಲಾಗದೆಂದು ಹಿಂದಿನ ಸಂಜೆ ಗೇಟಿಗೆ ಒಂದು ಚೀಟಿ ಅಂಟಿಸಿ ಮನೆಗೆ ಬಂದೆ. ಹಣ ತೆಗೆದುಕೊಂಡಿರಲಿಲ್ಲ, ಹಾಗಾಗಿ ತಪ್ಪು ಮಾಡಿದೆ ಅಂತ ಅನ್ನಿಸಲೂ ಇಲ್ಲ. ಒಂದು ವಾರದ ಮೇಲೆ ವಾಚ್‌ಮನ್ ಹೇಳಿದ: ಮುದಗಲ್ಲಿನಿಂದ ಅಜ್ಜ ಒಬ್ಬರು ಮೊಮ್ಮಗಳನ್ನು ಕರೆದುಕೊಂಡು ಮೊದಲ ಬಸ್ಸಿಗೇ ಬಂದಿದ್ದರಂತೆ, ಅಜ್ಜನಿಗೆ ಚೀಟಿ ಓದಲು ಬರಲಿಲ್ಲ, ಮೊಮ್ಮಗಳು ಓದಿದರೂ ಅಜ್ಜ ನಂಬದೆ ಹನ್ನೊಂದರವರೆಗೆ ಗೇಟಿನ ಮುಂದೆ ಕೂತಿದ್ದರಂತೆ. ಅವರ ಫೋನ್ ನಂಬರು ನನ್ನ ಪಟ್ಟಿಯಲ್ಲಿತ್ತು. ಫೋನ್ ಮಾಡಿ ‘ಆಗಲಿಲ್ಲ’ ಅನ್ನಲು ನನಗೆ ನಾಚಿಕೆಯಾಗಿತ್ತು, ಅಷ್ಟೇ. ಆ ನಾಚಿಕೆಯನ್ನು ಅಜ್ಜ-ಮೊಮ್ಮಗಳು ಬಿಸಿಲಿನಲ್ಲಿ ಕೂತು ಅನುಭವಿಸಿದರು.

ಈಗ ವರ್ಷದ ಮಾತು. ಹಾಳಾಗಿಲ್ಲ, ತಂಗೀ. ನವೋದಯದ ಪರೀಕ್ಷೆ ಇತ್ತೀಚೆಗೆ ಬೇಸಿಗೆಯಲ್ಲಿ ಬರುತ್ತಿಲ್ಲ. 2025ರಲ್ಲಿ ಜನವರಿ 18ಕ್ಕೊಮ್ಮೆ, ಮುಂದಿನ ಸಾಲಿನದು ಅದೇ ವರ್ಷದ ಡಿಸೆಂಬರ್ 13ಕ್ಕೊಮ್ಮೆ ನಡೆಯಿತು. ಅಂದರೆ ಚಳಿಗಾಲದವರೆಗೆ ಸಮಯವಿದೆ. ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಕನ್ನಡದಲ್ಲೇ ಬರೆಯಬಹುದು. 40 ಪ್ರಶ್ನೆ ಮಾನಸಿಕ ಸಾಮರ್ಥ್ಯದವು: ಬೇರೆಯಾದ ಚಿತ್ರ ಗುರುತಿಸುವುದು, ಅರ್ಧ ಚಿತ್ರ ಪೂರ್ತಿ ಮಾಡುವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ ಅನ್ನುವುದು. 20 ಅಂಕಗಣಿತ, 20 ಭಾಷೆ. ಭಾಷೆ ಅಂದರೆ ಗದ್ಯಭಾಗಗಳನ್ನು ಓದಿ ಉತ್ತರಿಸುವುದು.

ನೀವು ಹೊಲಿಗೆಯವರು. ನಿಮಗಿಂತ ಒಳ್ಳೆಯ ಮಾನಸಿಕ ಸಾಮರ್ಥ್ಯದ ಗುರು ಸಿಂಧನೂರಿನಲ್ಲಿ ಸಿಗುತ್ತಾರೆಯೇ ಅಂತ ನನಗೆ ಅನುಮಾನ! ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೂಲೆ ಕತ್ತರಿಸಿದರೆ, ಬಿಚ್ಚಿದಾಗ ತೂತು ಎಲ್ಲೆಲ್ಲಿ ಇರುತ್ತದೆ? ಈ ಪ್ರಶ್ನೆ ನವೋದಯದ ಪರೀಕ್ಷೆಯಲ್ಲಿ ಕಾಗದದ ಚಿತ್ರವಾಗಿ ಬರುತ್ತದೆ. ನಿಮ್ಮ ಕೈಯಲ್ಲಿ ದಿನವೂ ಬರುತ್ತದೆ. ತೋಳು ಕತ್ತರಿಸುವಾಗ ಬಲ ಯಾವುದು, ಎಡ ಯಾವುದು ಅಂತ ಕೇಳಿ, ಅದೇ ಕನ್ನಡಿ ಬಿಂಬ. ಮೀಟರಿಗೆ ಇಷ್ಟಾದರೆ ಎರಡೂಕಾಲು ಮೀಟರಿಗೆ ಎಷ್ಟು ಅಂತ ಕೇಳಿ, ಅದೇ ಅಂಕಗಣಿತ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮುಕ್ಕಾಲು ಗಂಟೆ ಸಾಕು. ಏಪ್ರಿಲ್-ಮೇ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ, ಮಕ್ಕಳ ಓದೂ ಬಿಸಿಲೇರುವ ಮೊದಲೇ ಮುಗಿಯಲಿ. ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ಒಂದು ಕೊಂಡರೆ ಆಯಿತು. ಹದಿನೇಳರಿಂದ ಮೇಲಿನ ಮಗ್ಗಿಯನ್ನು ಅಜ್ಜಿಗೆ ಒಪ್ಪಿಸುವ ಕೆಲಸ ಹಚ್ಚಿ, ಅತ್ತೆಯವರ ಮುನಿಸಿಗೂ ಅದೇ ಮದ್ದು.

ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಒಮ್ಮೆ ಹೋಗಿ ನೋಡಿ. ಮೇ ತಿಂಗಳಲ್ಲಿ ಬಹಳ ಕಡೆ ಅಲ್ಲಿ ಹಣವಿಲ್ಲದೆ ಮಕ್ಕಳ ಬೇಸಿಗೆ ಶಿಬಿರ ನಡೆಯುತ್ತದೆ. ನವೋದಯ ತಯಾರಿ ಅಲ್ಲಿ ಇರಲಿಕ್ಕಿಲ್ಲ. ಕತೆ ಪುಸ್ತಕ ಓದುವುದು, ಕೇರಂ, ಚೆಸ್ ಇರಬಹುದು. ಓದಿ ಉತ್ತರಿಸುವ 20 ಪ್ರಶ್ನೆಗೆ ಕತೆ ಪುಸ್ತಕಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಶಿಬಿರ ತಪ್ಪಿತೆಂದು ಗಾಬರಿಯಾಗಿ ಹುಡುಗನನ್ನು ಐದನೇ ತರಗತಿಗೆ ಸಿಂಧನೂರಿನ ಶಾಲೆಗೆ ಸೇರಿಸಬೇಡಿ. ‘ಅಲ್ಲಿ ಶಾಲೆ ಜೊತೆಗೇ ನವೋದಯ ಕೋಚಿಂಗ್ ಕೊಡ್ತಾರ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನವೋದಯದಲ್ಲಿ ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ. ಅದು ಸಿಗಬೇಕಾದರೆ ಮೂರು, ನಾಲ್ಕು, ಐದು ಈ ಮೂರೂ ತರಗತಿಯನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷದಲ್ಲಿ ಪಟ್ಟಣದ ಶಾಲೆಯಲ್ಲಿ ಒಂದು ದಿನ ಓದಿದರೂ ನಗರದ ಅಭ್ಯರ್ಥಿ ಆಗುತ್ತಾನೆ. ನಿಮ್ಮ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರುವುದೇ ಅವನ ಬಲ. ರೊಕ್ಕ ಕೊಟ್ಟು ಅದನ್ನು ಕಳೆದುಕೊಂಡವರ ಪತ್ರಗಳೂ ನನಗೆ ಬಂದಿವೆ, ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಇಷ್ಟೆಲ್ಲ ಆಗಿಯೂ ಸೀಟು ಸಿಗದೆ ಹೋಗಬಹುದು. ನವೋದಯ ಶಾಲೆಯೊಂದಕ್ಕೆ ಸಾಮಾನ್ಯವಾಗಿ 80 ಸೀಟು, ಕೂಡುವವರು ಸಾವಿರಾರು. ನಮ್ಮ ಜಿಲ್ಲೆಯ ಮುದಗಲ್ಲಿನ ನವೋದಯದ ಲೆಕ್ಕವೂ ಇದೇ. ಮೊರಾರ್ಜಿ ಇದೆ, ಆದರ್ಶ ವಿದ್ಯಾಲಯ ಇದೆ, ಅದೂ ಆಗದಿದ್ದರೆ ನಿಮ್ಮೂರ ಶಾಲೆ ಇದ್ದೇ ಇದೆ. ‘ಚುರುಕಿದ್ದಾನ’ ಅಂದ ಮಾಸ್ತರು ಇರುವುದು ಅಲ್ಲೇ.

‘ನಾನು ಮಾಡಿದ್ದು ತಪ್ಪಾ’ ಅಂತ ಕೇಳಿದಿರಿ. ಮಗನನ್ನು ಓದಿಸಬೇಕು ಅಂದುಕೊಂಡದ್ದು ತಪ್ಪಲ್ಲ. ಶಿಬಿರ ನಡೆಯುವ ಜಾಗವನ್ನು ಕಣ್ಣಾರೆ ನೋಡದೆ, ಕಲಿಸುವವರು ಯಾರು ಅಂತ ಕೇಳದೆ, ಒಂದೇ ಕಂತಿನಲ್ಲಿ ಪೂರ್ತಿ ಹಣ ಕಟ್ಟಿದ್ದು ಆತುರ. ಇನ್ನೊಮ್ಮೆ ಯಾವ ಶಿಬಿರಕ್ಕಾದರೂ ಅರ್ಧ ಹಣ ಮೊದಲು, ಉಳಿದರ್ಧ ತರಗತಿ ಶುರುವಾದ ವಾರಕ್ಕೆ ಅಂತ ಹೇಳಿ. ಒಪ್ಪದವರ ಹತ್ತಿರ ಹೋಗಬೇಡಿ. ಅತ್ತೆಯವರ ಮಾತನ್ನೂ ತಳ್ಳಿಹಾಕಬೇಡಿ. ಶಿಬಿರವನ್ನು ನಾವು ಕ್ಯಾಂಪ್ ಅನ್ನುತ್ತೇವೆ, ಆದರೆ ನಮ್ಮ ಸಿಂಧನೂರು ಸೀಮೆಯಲ್ಲಿ ಕ್ಯಾಂಪ್ ಅಂದರೆ ತುಂಗಭದ್ರಾ ಕಾಲುವೆ ಬಂದ ಮೇಲೆ ವಲಸೆ ಬಂದವರು ಕಟ್ಟಿಕೊಂಡ ಊರು, ಸಂಸಾರ ಸಮೇತ ಹೋಗಿ ನೆಲೆಸುವ ಜಾಗ. ಒಂಬತ್ತು ವರ್ಷದ ಕೂಸನ್ನು ಒಂಟಿಯಾಗಿ ‘ಕ್ಯಾಂಪಿಗೆ’ ಕಳಿಸುತ್ತೀರಿ ಅಂದಾಗ ಆ ಹಿರಿಯ ಜೀವಕ್ಕೆ ದಿಗಿಲಾದದ್ದು ಸಹಜವೇ.

 ಶಾಲೆ ತೆರೆದ ದಿನವೇ ಹೋಗಿ ಹೆಡ್‌ಮಾಸ್ತರನ್ನು ಕಾಣಿರಿ. ನವೋದಯದ ಅರ್ಜಿ ಆನ್‌ಲೈನ್, ಅದಕ್ಕೆ ಶಾಲೆಯ ಮುಖ್ಯಶಿಕ್ಷಕರ ಸಹಿ ಇರುವ ಪ್ರಮಾಣಪತ್ರ ಬೇಕು, ಅರ್ಜಿ ತುಂಬಲು ಹಣವಿಲ್ಲ. ಪರೀಕ್ಷೆ ಮುಗಿದ ಮೇಲೆ ನನಗೊಂದು ಕಾಗದ ಹಾಕಿ. ನೀವಲ್ಲ, ಅವನು ಬರೆಯಲಿ.